ಡಿಸೆಂಬರಲ್ಲಿ ಆ ಹಸಿರು ಗೋಡೆಯೊಳಗೆ ಯಾರಿರ್ತಾರೆ?

ಎರಡು ಸಂಚಿಕೆ ಹಿಂದೆ, ಸ್ವೀಡನ್ನಿನ ಮಾಲ್ಮೋ ಊರಲ್ಲಿ ಮಗಳ ಮನೇಲಿ ನಾನು ಕಳೆದ ಒಂದು ಚಳಿಗಾಲದ ಬಗ್ಗೆ, ಅವರ ಎದುರು ಬಿಲ್ಡಿಂಗಿನ ಗೋಡೆ ತುಂಬ ಹಬ್ಬಿದ್ದ ಐವಿ ಬಳ್ಳಿ ಬಗ್ಗೆ ನಾಲ್ಕೇ ನಾಲ್ಕು ಸಾಲು ಬರ್ದಿದ್ದೆ. ಅದಕ್ಕೆ ಇಷ್ಟು ಪತ್ರ ಬರತ್ತೆ ಅಂದ್ಕೊಂಡಿರ್ಲಿಲ್ಲ. ಮೈಸೂರು ಮಂಡ್ಯ ಕಡೆ ಈಗ ಬೀದಿಗೆ ನಾಲ್ಕು ಮನೆ ಮಕ್ಕಳು ಹೊರದೇಶದಲ್ಲಿದಾರೆ, ಅಪ್ಪ ಅಮ್ಮ ವರ್ಷಕ್ಕೊಂದ್ಸಲ ಹೋಗಿ ಬರ್ತಾರೆ, ಹಿಮದಲ್ಲಿ ನಿಂತು ಫೋಟೋ ತೆಗೆಸ್ಕೊಂಡು ಬರ್ತಾರೆ, ಹಾಗಾಗಿ ಎಲ್ರಿಗೂ ಅಲ್ಲಿನ ಗೋಡೆ ಅಲ್ಲಿನ ಗಿಡದ ಬಗ್ಗೆ ಕೇಳೋದಿದೆ. ಈ ಸಲ ಪೂರ್ತಿ ಅದಕ್ಕೇ ಬಿಟ್ಟಿದೀನಿ.

ಪ್ರಶ್ನೆ: ಮೇಡಂ, ನನ್ನ ಮಗ ಸೊಸೆನೂ ಮಾಲ್ಮೋದಲ್ಲೇ ಫ್ಲ್ಯಾಟ್ ತಗೊಂಡಿದಾರೆ. ಅವರ ಅಸೋಸಿಯೇಷನ್‌ನವರು ಬಿಲ್ಡಿಂಗಿನ ಹೊರಗೋಡೆಗೆ ಗಿಡ ಹಬ್ಬಿಸ್ಬೇಕು, ಹಕ್ಕಿ ದುಂಬಿಗೆ ಅನುಕೂಲ ಆಗತ್ತೆ ಅಂತ ಮೀಟಿಂಗ್ ಮೇಲೆ ಮೀಟಿಂಗ್ ಮಾಡ್ತಿದಾರಂತೆ. ವರ್ಷದಲ್ಲಿ ಐದು ತಿಂಗಳು ಕೊರೆಯೋ ಊರಲ್ಲಿ ಗೋಡೆಗೆ ಗಿಡ ಹಾಕಿ ಯಾರಿಗೇನು ಉಪಯೋಗ? ದುಡ್ಡು ದಂಡ ಅಲ್ವಾ?
(ಸರಸ್ವತಿಪುರಂನಿಂದ ಒಬ್ಬ ತಾಯಿ)

ಉತ್ತರ: ದಂಡ ಆಗೋದೂ ಆಗ್ದೇ ಇರೋದೂ ಅವರು ಏನು ಹಾಕ್ತಾರೆ, ಹಾಕಿದ್ಮೇಲೆ ಎಷ್ಟು ಕತ್ತರಿಸ್ತಾರೆ ಅನ್ನೋದ್ರ ಮೇಲಿದೆ ಅಮ್ಮ. ಮೀಟಿಂಗಲ್ಲಿ ತೋರ್ಸೋ ಫೋಟೋ ಎಲ್ಲಾ ಜೂನ್ ಜುಲೈದು, ಬಿಸಿಲು, ಹಸಿರು, ಹೂವು. ಆವಾಗ ಅಲ್ಲಿನ ಹಕ್ಕಿ ಹುಳಕ್ಕೆ ಗೋಡೆ ಬೇಕಾಗೇ ಇಲ್ಲ, ಊರಿಗೂರೇ ಪಾರ್ಕು. ನಿಮ್ಮ ಮಗನಿಗೆ ಹೇಳಿ, ಮೀಟಿಂಗಲ್ಲಿ ಒಂದೇ ಪ್ರಶ್ನೆ ಕೇಳ್ಲಿ: ಅಕ್ಟೋಬರಿಂದ ಮಾರ್ಚ್ ತನಕ ಈ ಗೋಡೆ ಏನು ಕೊಡತ್ತೆ? ಅದಕ್ಕೆ ಉತ್ತರ ಇರೋ ಗೋಡೆ ಹಾಕ್ಸಿ, ಇಲ್ದೇ ಇದ್ರೆ ಅದು ಬರೀ ಅಲಂಕಾರ.

ನಾನು ಕಣ್ಣಾರೆ ಕಂಡಿದ್ದು ಹೇಳ್ತೀನಿ. ಅಕ್ಟೋಬರ್ ಎರಡನೇ ವಾರ, ಮಧ್ಯಾಹ್ನ ಹನ್ನೆರಡಕ್ಕೂ ಸ್ವೆಟರ್ ಮೇಲೆ ಕೋಟು ಹಾಕ್ಕೊಂಡೇ ಹೊರಗೆ ಹೋಗ್ಬೇಕು, ಬೀದಿ ಬದಿ ಕುಂಡದಲ್ಲಿದ್ದ ಹೂವೆಲ್ಲ ಕಪ್ಪಾಗಿ ಮುದುರ್ಕೊಂಡಿದ್ವು. ಆ ಐವಿ ಗೋಡೆ ಪಕ್ಕ ಹೋದ್ರೆ ಗುಂಯ್ ಅಂತ ಸದ್ದು. ಹತ್ರ ಹೋಗಿ ನೋಡ್ತೀನಿ, ಕೊತ್ತಂಬರಿ ಹೂವಿನ ಗೊಂಚಲನ್ನ ಹಿಡಿದು ಚೆಂಡು ಮಾಡಿದ್ರೆ ಹೇಗಿರತ್ತೋ ಹಾಗೆ ಹಳದಿ ಹಸಿರು ಬಣ್ಣದ ಹೂಗುಚ್ಛ, ಅದರ ಮೇಲೆ ಕಣಜದ ಹುಳ, ಜೇನು, ಜೇನಿನ ಹಾಗೇ ಪಟ್ಟೆ ಇರೋ ನೊಣ, ಕೆಂಪು ಪಟ್ಟಿ ಇರೋ ಒಂದು ದೊಡ್ಡ ಚಿಟ್ಟೆ, ಎಲ್ಲಾ ಒಂದೇ ಹೂವಿಗೆ ಮುಗಿಬಿದ್ದಿದ್ವು. ಸೆಪ್ಟೆಂಬರಿಂದ ನವೆಂಬರ್ ತನಕ ಹೂಬಿಡೋ ಬಳ್ಳಿ ಅದು, ಅಂದ್ರೆ ಚಳಿಗಾಲಕ್ಕೆ ಬಾಗಿಲು ಹಾಕೋ ಮುಂಚೆ ತೆರ್ದಿರೋ ಕೊನೇ ಅಂಗಡಿ ಅಂತಿಟ್ಕೊಳಿ. ಯುರೋಪಲ್ಲಿ ಒಂದು ಜೇನುಜಾತಿಯ ಹುಳ ಇದೆ, ಐವಿ ಬೀ ಅಂತಲೇ ಹೆಸರು, ಅದು ಮರಿಗಳಿಗೆ ಕೂಡಿಡೋ ಪರಾಗ ಬಹುಪಾಲು ಈ ಒಂದೇ ಬಳ್ಳೀದು. ಎಷ್ಟು ಚೆನ್ನಾಗಿ ನೋಡಿರೋ ಖಂಡ ಅದು, ಆದ್ರೂ ಅದು ಬೇರೆ ಜಾತಿ ಅಂತ ವಿಜ್ಞಾನಿಗಳು ಗುರುತಿಸಿ ಹೆಸರಿಟ್ಟಿದ್ದು 1993ರಲ್ಲಿ.

ಇನ್ನು ಹಣ್ಣು. ಆ ಹೂವೆಲ್ಲ ಕಾಯಾಗಿ, ಕಪ್ಪಗೆ ಬಟಾಣಿ ಗಾತ್ರಕ್ಕೆ ಹಣ್ಣಾಗೋದು ಚಳಿಗಾಲ ಅರ್ಧ ಕಳೆದ್ಮೇಲೆ. ಬೇರೆ ಗಿಡಗಳ ಹಣ್ಣೆಲ್ಲ ಖಾಲಿಯಾಗಿರೋ ಫೆಬ್ರವರಿ ಮಾರ್ಚಲ್ಲಿ, ನಮ್ಮೂರ ಹಿರಿಯರು ಆಷಾಢದಲ್ಲಿ ಕಣಜ ತಳ ಕಂಡಿತ್ತು ಅಂತ ಹೇಳ್ತಿದ್ರಲ್ಲ ಅಂಥ ಹೊತ್ತಲ್ಲಿ, ಅಲ್ಲಿನ ಬ್ಲ್ಯಾಕ್‌ಬರ್ಡು, ಕಾಡುಪಾರಿವಾಳಕ್ಕೆ ಇದೇ ಊಟ. ಕೊಬ್ಬಿನಂಶ ಜಾಸ್ತಿ ಇರೋ ಹಣ್ಣು, ಚಳಿಗೆ ಬೇಕಾಗಿರೋದೂ ಅದೇ. ನಾವು ತಿನ್ನೋ ಹಾಗಿಲ್ಲ, ವಿಷ.

ಮತ್ತೆ ಗುಬ್ಬಚ್ಚಿ. ಡಿಸೆಂಬರಲ್ಲಿ ಮಾಲ್ಮೋದಲ್ಲಿ ಮಧ್ಯಾಹ್ನ ಮೂರೂವರೆ ದಾಟ್ತಿದ್ದ ಹಾಗೆ ಸೂರ್ಯ ಮುಳುಗ್ತಾನೆ. ದಿನಾ ಮೂರು ಗಂಟೆಗೆ ನಾನು ಟೀ ಲೋಟ ಹಿಡ್ಕೊಂಡು ಕಿಟಕಿ ಹತ್ರ ನಿಂತ್ಕೊತಿದ್ದೆ, ನಮ್ಮ ಗುಬ್ಬಚ್ಚೀನೇ, ಅದೇ ಜಾತಿ, ಒಂದೊಂದೇ ಬಂದು ಆ ಐವಿ ಒಳಗೆ ಹೊಕ್ಕೊಳವು. ಹೊರಗಿಂದ ಒಂದೂ ಕಾಣಲ್ಲ, ಗೋಡೇನೇ ಚಿಲಿಪಿಲಿ ಅನ್ನತ್ತೆ, ಕತ್ತಲಾದ ತಕ್ಷಣ ಗಪ್‌ಚುಪ್. ಆ ಎಲೆಗಳ ಹಿಂದೆ ಗಾಳಿ ನುಗ್ಗಲ್ಲ, ಒಳಗಡೆ ಹೀಟರ್ ಉರಿಯೋದ್ರಿಂದ ಗೋಡೇಲಿ ಚೂರು ಬೆಚ್ಚಗಿರತ್ತೆ, ಬೆಕ್ಕಿಗೆ ಎಟಕಲ್ಲ. ಅಲ್ಲೇ ಎಲೆ ಮಧ್ಯೆ ಬ್ರಿಮ್‌ಸ್ಟೋನ್ ಅನ್ನೋ ಹಳದಿ ಚಿಟ್ಟೆ ರೆಕ್ಕೆ ಮಡಚ್ಕೊಂಡು ಇಡೀ ಚಳಿಗಾಲ ಹಾಗೇ ತೂಗಾಡ್ತಿರತ್ತೆ, ರೆಕ್ಕೆ ಹೊರಮೈ ಥೇಟ್ ಎಲೆ ಹಾಗೇ ನರ ಎದ್ದಿರೋದ್ರಿಂದ ಕೈಯಿಟ್ರೂ ಗೊತ್ತಾಗಲ್ಲ.

ಈಗ ಎಲ್ರೂ ಎಡವೋ ಜಾಗ ಹೇಳ್ತೀನಿ. ಐವಿಗೆ ಎರಡು ವಯಸ್ಸಿದೆ. ಹತ್ತೋ ವಯಸ್ಸಲ್ಲಿ ಎಲೆ ಅಂಗೈ ಥರ ಮೂರೋ ಐದೋ ಮೂಲೆ ಇರತ್ತೆ, ಆವಾಗ ಹೂವಿಲ್ಲ ಹಣ್ಣಿಲ್ಲ. ವರ್ಷಗಟ್ಲೆ ಹತ್ತಿ ಮೇಲೆ ಬೆಳಕು ಸಿಕ್ಕ ಮೇಲೆ ಕೊಂಬೆ ಪೊದೆ ಥರ ಆಚೆ ಚಾಚತ್ತೆ, ಎಲೆಗೆ ಮೂಲೆ ಹೋಗಿ ನಮ್ಮ ವೀಳ್ಯದೆಲೆ ಥರ ನುಣ್ಣಗಾಗತ್ತೆ, ಹೂವು ಬಿಡೋದು ಆ ಕೊಂಬೇಲಿ ಮಾತ್ರ. ಅಸೋಸಿಯೇಷನ್‌ನವರು ನೀಟಾಗಿ ಕಾಣ್ಲಿ ಅಂತ ಪ್ರತಿ ವರ್ಷ ಗೋಡೆ ಮಟ್ಟಕ್ಕೆ ಟ್ರಿಮ್ ಮಾಡಿಸಿದ್ರೆ ಆ ವಯಸ್ಸಿಗೆ ಅದು ಬರೋದೇ ಇಲ್ಲ, ನೂರು ವರ್ಷ ಇದ್ರೂ ಒಂದು ಜೇನಿಗೂ ಊಟ ಹಾಕಲ್ಲ. ಕಿಟಕಿ, ಗಟರ್, ಹೆಂಚಿನ ಹತ್ರ ಕತ್ತರಿಸ್ಲಿ, ತೊಂದ್ರೆ ಇಲ್ಲ. ಮೇಲ್ಭಾಗದ ಚಾಚಿರೋ ಕೊಂಬೆ ಮಾತ್ರ ಬಿಟ್ಬಿಡ್ಲಿ.

ಅವರ ಊರಿಗೆ ಇದೇನು ಹೊಸದಲ್ಲ ಅಂತನೂ ಹೇಳಿ. 2001ರಲ್ಲಿ ಮಾಲ್ಮೋದ ಹಳೇ ಬಂದರು ಜಾಗದಲ್ಲಿ ಬೋ ಜೀರೋ ಒನ್ ಅಂತ ಬಡಾವಣೆ ಕಟ್ಟಿದಾಗ ಬಿಲ್ಡರುಗಳ ಕೈಗೆ 35 ಅಂಶದ ಒಂದು ಪಟ್ಟಿ ಕೊಟ್ರು, ಅದರಲ್ಲಿ ಕನಿಷ್ಠ ಹತ್ತು ಮಾಡ್ಲೇಬೇಕು ಅಂತ. ಮನೆಗೊಂದು ಹಕ್ಕಿಗೂಡಿನ ಪೆಟ್ಟಿಗೆ, ಬಾವಲಿಗೆ ಪೆಟ್ಟಿಗೆ, ಆಗೋ ಕಡೆಯೆಲ್ಲ ಗೋಡೆಗೆ ಬಳ್ಳಿ, ಇವೆಲ್ಲ ಆ ಪಟ್ಟೀಲಿತ್ತು. ಹೀಟಿಂಗ್ ಬಿಲ್ ಬಗ್ಗೆ ಯಾರಾದ್ರೂ ಕೇಳಿದ್ರೆ 2021ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಯೂನಿವರ್ಸಿಟಿಯವರು ತಮ್ಮದೇ ಒಂದು ಹಳೇ ಕಟ್ಟಡದಲ್ಲಿ ಅಳೆದಿದ್ದು ಹೇಳ್ಲಿ, ಗಿಡ ಇರೋ ಪ್ಯಾನೆಲ್ ಹಾಕಿದ ಗೋಡೆ ಭಾಗದಲ್ಲಿ ಆಚೆ ಹೋಗೋ ಶಾಖ 31.4 ಪರ್ಸೆಂಟ್ ಕಮ್ಮಿ ಆಯ್ತು. ಅದು ಹಳೇ ಗೋಡೆ ಲೆಕ್ಕ, ಈಗಾಗ್ಲೇ ದಪ್ಪ ಇನ್ಸುಲೇಷನ್ ಇರೋ ಹೊಸ ಬಿಲ್ಡಿಂಗಲ್ಲಿ ಅಷ್ಟು ಉಳಿತಾಯ ನಿರೀಕ್ಷೆ ಇಟ್ಕೋಬೇಡಿ.

ಪ್ರಶ್ನೆ: ನಾನು ರಿಟೈರ್ಡ್ ಸಿವಿಲ್ ಎಂಜಿನಿಯರ್. ಸರ್ವಿಸಲ್ಲಿದ್ದಷ್ಟು ದಿನ ಗೋಡೆ ಸೀಳಿ ಬಂದ ಅರಳಿ ಗಿಡ ಕೀಳಿಸೋದೇ ಒಂದು ಕೆಲಸ ಆಗಿತ್ತು. ನೀವು ನೋಡಿದ್ರೆ ಬೇಕಂತಲೇ ಗೋಡೆಗೆ ಬಳ್ಳಿ ಹಬ್ಬಿಸಿ ಅಂತೀರಿ. ಹಿಮ ಬೀಳೋ ಕಡೆ ಗೋಡೆ ಬಿರುಕು ಬಿಟ್ರೆ ಯಾರು ಹೊಣೆ?
(ಒಂಟಿಕೊಪ್ಪಲಿನಿಂದ)

ಉತ್ತರ: ಸರ್, ಅರಳಿ ವಿಷಯದಲ್ಲಿ ನಿಮ್ಮ ಮಾತು ನೂರಕ್ಕೆ ನೂರು ಸರಿ. ಹಕ್ಕಿ ಹಿಕ್ಕೆಯಿಂದ ಬೀಜ ಗಾರೆ ಸಂದೀಲಿ ಬಿದ್ದು, ಅಲ್ಲೇ ಬೇರು ಬಿಟ್ಟು, ನೀರು ಹುಡುಕ್ಕೊಂಡು ಇಡೀ ಗೋಡೆ ಒಳಗೆ ಇಳಿಯತ್ತೆ, ಆ ಬೇರು ದಪ್ಪ ಆದ ಹಾಗೆ ಕಲ್ಲು ಜರುಗತ್ತೆ. ಮೈಸೂರಿನ ಹಳೇ ಕಟ್ಟಡಗಳಿಗೆ ಅದು ದೊಡ್ಡ ಶತ್ರು.

ಆದ್ರೆ ಐವಿ ಹಾಗಲ್ಲ. ಅದರ ಊಟ ನೀರಿನ ಬೇರು ನೆಲದಲ್ಲೇ ಇರತ್ತೆ. ಕಾಂಡದ ಮೇಲೆ ಹಲ್ಲುಜ್ಜೋ ಬ್ರಷ್ಷಿನ ಕೂದಲಿನ ಥರ ಪುಟ್ಟ ಬೇರು ಬರತ್ತಲ್ಲ, ಅದು ಬರೀ ಹಿಡ್ಕೊಳಕ್ಕೆ, ಹೀರೋದಕ್ಕಲ್ಲ. ಗಟ್ಟಿ ಗೋಡೆ ಇದ್ರೆ ಅದು ಮೇಲ್ಮೈ ಬಿಟ್ಟು ಒಳಗೆ ಹೋಗಲ್ಲ, ಮೊದಲೇ ಬಿರುಕು ಬಿಟ್ಟಿರೋ, ಗಾರೆ ಉದುರಿರೋ ಗೋಡೆಯಾದ್ರೆ ಒಳಗೆ ನುಗ್ಗಿ ತೊಂದ್ರೆ ಕೊಡತ್ತೆ. ಇದನ್ನ ಸುಮ್ನೆ ಹೇಳ್ತಿಲ್ಲ, ಇಂಗ್ಲೆಂಡಿನ ಹಳೇ ಕಟ್ಟಡಗಳನ್ನ ನೋಡ್ಕೊಳೋ ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ಆಕ್ಸ್‌ಫರ್ಡ್ ಯೂನಿವರ್ಸಿಟಿಯವರ ಕೈಲಿ ಹಳೇ ಕಲ್ಲಿನ ಗೋಡೆಗಳಲ್ಲೇ ಪರೀಕ್ಷೆ ಮಾಡ್ಸಿದ್ರು, ಹೀದರ್ ವೈಲ್ಸ್ ಅನ್ನೋ ಪ್ರೊಫೆಸರ್ ನೇತೃತ್ವದಲ್ಲಿ. ಐವಿ ಹೊದ್ದ ಗೋಡೇಲಿ ಹಗಲು ರಾತ್ರಿ ಬಿಸಿ ತಂಪಿನ ಏರಿಳಿತ ಕಮ್ಮಿ ಇತ್ತು. ಇದರ ಬೆಲೆ ನಿಮಗೆ ನಾನು ಹೇಳ್ಬೇಕಾಗಿಲ್ಲ: ಚಳಿ ದೇಶದಲ್ಲಿ ಗೋಡೆ ಹಾಳು ಮಾಡೋದೇ ಆ ಏರಿಳಿತ, ಹಗಲು ಸಂದೀಲಿ ಇಳಿದ ನೀರು ರಾತ್ರಿ ಗಡ್ಡೆ ಕಟ್ಟಿ ಸುಮಾರು 9 ಪರ್ಸೆಂಟ್ ಹಿಗ್ಗತ್ತೆ, ಬೆಳಗ್ಗೆ ಕರಗತ್ತೆ, ಮತ್ತೆ ರಾತ್ರಿ ಹಿಗ್ಗತ್ತೆ, ಹೀಗೆ ಒಂದೊಂದೇ ಪದರ ಎದ್ದು ಉದುರತ್ತೆ.

ಈಗಿನ ಬಿಲ್ಡಿಂಗ್‌ಗಳಲ್ಲಿ ಹೊರಗಡೆ ಥರ್ಮೋಕೋಲ್ ಥರದ ಹಲಗೆ ಅಂಟಿಸಿ ಅದರ ಮೇಲೆ ತೆಳ್ಳಗೆ ಪ್ಲಾಸ್ಟರ್ ಹೊಡೀತಾರೆ, ಅದಕ್ಕೆ ಮಾತ್ರ ಅಂಟ್ಕೊಳೋ ಬಳ್ಳಿ ಬಿಡ್ಬಾರ್ದು. ಅಲ್ಲಿ ಗೋಡೆಯಿಂದ ಒಂದು ಗೇಣು ಮುಂದಕ್ಕೆ ಸ್ಟೀಲ್ ತಂತಿ ಎಳೆದು, ಸುತ್ತಿಕೊಂಡು ಹತ್ತೋ ಬಳ್ಳಿ ಹಬ್ಬಿಸ್ತಾರೆ. ತಂತಿ ಮೊಳೆ ಲೆಕ್ಕ ಹಾಕ್ವಾಗ ಬಳ್ಳಿ ತೂಕದ ಜೊತೆ ಹಿಮ ಮಂಜುಗಡ್ಡೆ ತೂಕ, ಗಾಳಿ ಎಳೆತ ಎಲ್ಲಾ ಸೇರಿಸ್ಬೇಕು. ಹಾಗೆ ತಂತಿ ಮೇಲೆ ಹಬ್ಬಿಸಿದ್ರಿಂದ ಇನ್ನೊಂದು ಲಾಭ, ಆ ಒಂದು ಗೇಣು ಸಂದಿ ಇದ್ಯಲ್ಲ, ಹಕ್ಕಿಗೆ ಬೇಕಾಗಿರೋದು ಅದೇ.

ಪ್ರಶ್ನೆ: ನಾನು ಮೈಸೂರಲ್ಲಿ ಆರ್ಕಿಟೆಕ್ಚರ್ ಫೈನಲ್ ಇಯರ್. ಚಳಿ ದೇಶದ ಒಂದು ಆಫೀಸ್ ಬಿಲ್ಡಿಂಗನ್ನ ಥೀಸಿಸ್‌ಗೆ ತಗೊಂಡಿದೀನಿ, ಮುಂಭಾಗ ಪೂರ್ತಿ ಲಿವಿಂಗ್ ವಾಲ್ ತೋರ್ಸಿದೀನಿ. ರಿವ್ಯೂನಲ್ಲಿ ಇದು ಒಂದು ಚಳಿಗಾಲ ಉಳಿಯತ್ತಾ ಅಂತ ಕೇಳಿದ್ರು, ಉತ್ತರ ಹೊಳೀಲಿಲ್ಲ. ಎಲ್ಲಿ ತಪ್ಪಿದೆ ಮೇಡಂ?
(ಹೆಸರು ಬೇಡ ಅಂದಿದಾರೆ)

ಉತ್ತರ: ತಪ್ಪು ಅಂತಲ್ಲಪ್ಪ, ನೀನು ನೋಡಿರೋ ಉದಾಹರಣೆಗಳೆಲ್ಲ ಬೆಚ್ಚಗಿನ ಊರಿಂದಿರ್ಬೇಕು. ಗೋಡೆ ಹಸಿರು ಮಾಡೋಕೆ ದಾರಿ ಎರಡಿದೆ. ಒಂದು, ನೆಲದಲ್ಲಿ ಬೇರು ಬಿಟ್ಟು ಬಳ್ಳಿ ಮೇಲಕ್ಕೆ ಹತ್ತೋದು. ಇನ್ನೊಂದು, ಗೋಡೆಗೇ ಚೀಲ, ಟ್ರೇ, ಫೆಲ್ಟ್ ಬಟ್ಟೆ ಹಾಕಿ ಅದರಲ್ಲೇ ಗಿಡ ನೆಟ್ಟು ಪೈಪಲ್ಲಿ ನೀರು ಗೊಬ್ಬರ ಕೊಡೋದು, ಲಿವಿಂಗ್ ವಾಲ್ ಅನ್ನೋದು ಇದನ್ನೇ. ಪ್ಯಾಟ್ರಿಕ್ ಬ್ಲಾಂಕ್ ಅನ್ನೋ ಫ್ರೆಂಚ್ ಸಸ್ಯಶಾಸ್ತ್ರಜ್ಞರು ಇದನ್ನ ಜಗತ್ತಿಗೆ ಪರಿಚಯ ಮಾಡಿಸಿದ್ದು, ಪ್ಯಾರಿಸ್ಸಿನ ಕೆ ಬ್ರಾನ್ಲಿ ಮ್ಯೂಸಿಯಮ್ಮಿನ 800 ಚದರ ಮೀಟರ್ ಗೋಡೆ ಅವರದ್ದೇ. ಆದ್ರೆ ಪ್ಯಾರಿಸ್ಸಿನ ಚಳಿ ಮೆದು. ನೀನು ತಗೊಂಡಿರೋ ಊರು ಮೈನಸ್ 20 ಅಂದ್ರೆ ಕಥೆ ಬೇರೆ.

ಯಾಕೆ ಅಂತ ಕೇಳು. ಮಣ್ಣಿನ ನೆಲ ಒಂದು ಕಂಬಳಿ ಇದ್ದ ಹಾಗೆ, ಮೇಲೆ ಹಿಮ ಹೊದ್ದಿದ್ರೆ ಕೆಳಗೆ ಬೇರಿನ ಹತ್ರ ಸೊನ್ನೆ ಆಸುಪಾಸಲ್ಲೇ ನಿಂತಿರತ್ತೆ. ಗೋಡೆ ಮೇಲಿನ ನಾಲ್ಕು ಇಂಚು ಮಣ್ಣಿಗೆ ಆ ಕಂಬಳಿ ಇಲ್ಲ, ಹೊರಗೆ ಎಷ್ಟು ಚಳಿಯೋ ಬೇರಿಗೂ ಅಷ್ಟೇ ಚಳಿ. ಸಾಮಾನ್ಯವಾಗಿ ಕಾಂಡ ತಡ್ಕೊಳೋವಷ್ಟು ಚಳಿ ಬೇರು ತಡ್ಕೊಳಲ್ಲ. ಹಾಗಾಗಿ ಅಲ್ಲಿನ ತೋಟಗಾರರು ಕುಂಡದಲ್ಲಿ ಇಡೋ ಗಿಡಾನ ಆ ಊರಿಗಿಂತ ಎರಡು ಹಂತ ಜಾಸ್ತಿ ಚಳಿ ತಡ್ಯೋ ಜಾತೀನೇ ಆರಿಸ್ಕೊಳ್ತಾರೆ. ಇನ್ನೊಂದು, ವರ್ಷವಿಡೀ ಎಲೆ ಇರೋ ಗಿಡಗಳಿಗೆ ಚಳಿಗಾಲದಲ್ಲಿ ಬಾಯಾರಿಕೆಯಿಂದಲೇ ಸಾವು. ಫೆಬ್ರವರಿ ಬಿಸಿಲು ಎಲೆಗೆ ತಾಗತ್ತೆ, ಎಲೆ ನೀರು ಆವಿ ಮಾಡತ್ತೆ, ಕೆಳಗೆ ಬೇರಿನ ಸುತ್ತ ನೀರು ಕಲ್ಲಾಗಿದೆ, ಒಂದು ಹನೀನೂ ಮೇಲೆ ಬರಲ್ಲ. ನೀರಿನ ಮಧ್ಯೆನೇ ಒಣಗಿ ಸಾಯತ್ತೆ ಪಾಪ. ಜೊತೆಗೆ ಪೈಪು, ಚಳಿ ಶುರುವಾಗೋ ಮುಂಚೆ ಕಂಪ್ರೆಸರ್ ಹಾಕಿ ನೀರೆಲ್ಲ ಊದಿ ಖಾಲಿ ಮಾಡ್ಬೇಕು, ಇಲ್ಲಾಂದ್ರೆ ಒಡೆದು ಕೂತಿರತ್ತೆ.

ನಿನ್ನ ಡ್ರಾಯಿಂಗಲ್ಲಿ ಕೆಳಗಿನ ಎರಡು ಮೂರು ಫ್ಲೋರ್‌ಗೆ ನೆಲದಿಂದ ಹತ್ತೋ ಬಳ್ಳಿ ತೋರ್ಸು. ನೆಲದಲ್ಲಿ ಗುಂಡಿಗೆ ಜಾಗ ಬಿಡು, ಎಲ್ರೂ ಫುಟ್‌ಪಾತ್ ಟೈಲ್ಸು ಗೋಡೆ ತನಕ ಒಯ್ದು ಬಳ್ಳಿಗೆ ಒಂದು ಅಡಿ ಮಣ್ಣೂ ಉಳಿಸಲ್ಲ. ಬರ್ಲಿನ್ನಿನಲ್ಲಿ 1990ರ ದಶಕದಿಂದ ಒಂದು ಲೆಕ್ಕ ಇದೆ, ಒಂದು ಸೈಟಿನಲ್ಲಿ ಎಷ್ಟು ಭಾಗ ಜೀವಕ್ಕೆ ಬಿಟ್ಟಿದೀರಿ ಅಂತ ಅಂಕ ಹಾಕೋದು, ಅದರಲ್ಲಿ ಕಿಟಕಿ ಇಲ್ದಿರೋ ಗೋಡೆ ಮೇಲಿನ ಹಸಿರಿಗೆ 10 ಮೀಟರ್ ಎತ್ತರದ ತನಕ ಅರ್ಧ ಅಂಕ. ನೆಲದ ಬಳ್ಳಿ ಸುಮಾರಾಗಿ ಹತ್ತೋದೂ ಅಷ್ಟೇ ಎತ್ತರ, ಒಳ್ಳೇ ಅಂದಾಜಿದು. ಬೋಸ್ಕೋ ವರ್ಟಿಕಾಲೆ ಹಾಕಿರ್ತೀಯ ಸ್ಲೈಡಲ್ಲಿ, ಎಲ್ರೂ ಹಾಕ್ತಾರೆ, 2014ರಲ್ಲಿ ಮಿಲಾನಲ್ಲಿ ಸ್ಟೆಫಾನೋ ಬೋಯೆರಿ ಕಟ್ಟಿದ ಎರಡು ಟವರು, ಬಾಲ್ಕನೀಲೇ ಸುಮಾರು 800 ಮರ. ಅದು ಬೇರೇನೇ ಜಾತಿ ಕೆಲಸ, ಕಾಂಕ್ರೀಟಿನ ಆಳವಾದ ತೊಟ್ಟಿ, ಗಾಳಿಗೆ ಮರ ನಿಲ್ಲತ್ತಾ ಅಂತ ವಿಂಡ್ ಟನಲಲ್ಲಿ ಟೆಸ್ಟು, ಹಗ್ಗದಲ್ಲಿ ಇಳಿದು ಕೊಂಬೆ ಸವರೋ ತೋಟಗಾರರು. ನಿನ್ನ ಆಫೀಸ್ ಬಿಲ್ಡಿಂಗ್ ಬಜೆಟ್ಟಿಗೆ ಅದನ್ನ ಎಳ್ಕೊಂಡು ಬರ್ಬೇಡ.

ದಿಕ್ಕು ಸರಿಯಾಗಿ ನೋಡು. ಇಲ್ಲಿ ಕೂತು ಯೋಚಿಸಿದ್ರೆ ನಮಗೆ ಪಶ್ಚಿಮದ ಬಿಸಿಲು ತಡೆಯೋದೇ ತಲೇಲಿರತ್ತೆ. ಡಿಸೆಂಬರ್ ಮಧ್ಯಾಹ್ನ ಮೈಸೂರಲ್ಲಿ ಸೂರ್ಯ ಸುಮಾರು 54 ಡಿಗ್ರಿ ಎತ್ತರ ಇರ್ತಾನೆ, ಮಾಲ್ಮೋದಲ್ಲಿ ಬರೀ 11. ಅಂದ್ರೆ ದಕ್ಷಿಣದ ಗೋಡೆಗೆ ನೇರ ಮುಖಕ್ಕೇ ಹೊಡೀತಾನೆ, ಆ ಶಾಖ ಒಳಗೆ ಬೇಕು. ಅಲ್ಲಿ ಎಲೆ ಉದುರೋ ಬಳ್ಳಿ ಹಾಕು, ಬೇಸಿಗೇಲಿ ನೆರಳು, ಚಳೀಲಿ ಎಲೆ ಉದುರಿ ಗೋಡೆಗೆ ಬಿಸಿಲು ಬೀಳತ್ತೆ. ಐವಿ ಥರ ಸದಾ ಹಸಿರಿರೋದು ಉತ್ತರಕ್ಕೆ, ಪೂರ್ವಕ್ಕೆ, ಅಲ್ಲಿ ಚಳಿಗಾಲದ ಬಿಸಿಲು ಕಮ್ಮಿ ಇರೋದ್ರಿಂದ ಎಲೆ ಒಣಗೋ ಕಾಟನೂ ಕಮ್ಮಿ, ಗಾಳಿ ತಡ್ಯೋದೂ ಅದೇ. ಒಂಟಿ ಬಳ್ಳಿಗಿಂತ ಎರಡು ಮೂರು ಜಾತಿ ಸೇರ್ಸಿದ್ರೆ ಒಳ್ಳೇದು, ಅದರಲ್ಲಿ ಸದಾ ಹಸಿರಿರೋದೂ ಒಂದಿರ್ಲಿ, ಇಂಗ್ಲೆಂಡಿನ ಸ್ಟಾಫರ್ಡ್‌ಶೈರಲ್ಲಿ ಬಳ್ಳಿ ಗೋಡೆ ಬೋಳು ಗೋಡೆ ಹೋಲಿಸಿ ಹಕ್ಕಿ ಎಣಿಸಿದಾಗ ಚಳಿಗಾಲದಲ್ಲಿ ಹಕ್ಕಿ ಜಾಸ್ತಿ ಸಿಕ್ಕಿದ್ದು ಸದಾ ಹಸಿರಿನ ಗೋಡೇಲಿ.

ಕೊನೇದಾಗಿ, ಇದನ್ನ ನಿನ್ನ ಥೀಸಿಸ್ಸಲ್ಲಿ ದಪ್ಪಕ್ಷರದಲ್ಲಿ ಬರಿ: ಜೀವಿಗಳಿಗೆ ಎಲೆ ಒಂದೇ ಸಾಲದು, ತೂತು ಬೇಕು. ಹಳೇ ಕಟ್ಟಡದಲ್ಲಿ ಇಟ್ಟಿಗೆ ಸಂದಿ, ಹೆಂಚಿನಡಿ, ತೊಲೆ ಪಕ್ಕ ಎಲ್ಲೆಲ್ಲೂ ಸಂದಿ ಇತ್ತು. ಈಗ ಶಾಖ ಹೋಗ್ಬಾರ್ದು ಅಂತ ಗಾಳಿ ಆಡ್ದಿರೋ ಹಾಗೆ ಸೀಲ್ ಮಾಡಿ ಕಟ್ತಾರೆ, ಸರಿನೇ, ಆದ್ರೆ ಸ್ವಿಫ್ಟ್ ಹಕ್ಕಿ ಮನೆ ಕಳ್ಕೊಂಡು ಬೀದಿಗೆ ಬಂತು. ಆಫ್ರಿಕಾದಿಂದ ಹಾರ್ಕೊಂಡು ಬೇಸಿಗೇಲಿ ಯುರೋಪಿಗೆ ಬಂದು ಕಟ್ಟಡದ ತೂತಲ್ಲೇ ಮೊಟ್ಟೆ ಇಡೋ ಹಕ್ಕಿ ಅದು. ಗೂಡಿನಲ್ಲಿರೋ ಎರಡು ತಿಂಗಳು ಬಿಟ್ರೆ ಉಳಿದ ಹತ್ತು ತಿಂಗಳು ನೆಲ ಮುಟ್ಟದೇ ಗಾಳೀಲೇ ಇರ್ಬಲ್ಲದು ಅಂತ 2016ರಲ್ಲಿ ಸ್ವೀಡನ್ನಿನ ಲುಂಡ್ ಯೂನಿವರ್ಸಿಟಿಯವರು ತೋರ್ಸಿದ್ರು. ಅಂಥಾದ್ದಕ್ಕೆ ವರ್ಷದಲ್ಲಿ ಬೇಕಾಗಿರೋದು ಒಂದು ಇಟ್ಟಿಗೆಯಷ್ಟು ಜಾಗ. ಅದಕ್ಕಂತಲೇ ಪೊಳ್ಳು ಇಟ್ಟಿಗೆ ಸಿಗತ್ತೆ, ಕಟ್ಟೋವಾಗಲೇ ಸೂರಿನ ಕೆಳಗೆ ಕೂರಿಸಿದ್ರೆ ಆಯ್ತು, ಇನ್ಸುಲೇಷನ್ ಕೆಡಲ್ಲ. ಬ್ರಿಟನ್ನಿನ ಬ್ರೈಟನ್ ಊರಲ್ಲಿ 2020ರಿಂದ ಹೊಸ ಕಟ್ಟಡಗಳಿಗೆ ಇದನ್ನ ಷರತ್ತಾಗೇ ಹಾಕಿದಾರೆ. ನಮ್ಮ ಮೈಸೂರಲ್ಲೂ ಹಳೇ ಕಮಾನುಗಳ ಕೆಳಗೆ ಗರಿ ಹುಲ್ಲು ಎಂಜಲಲ್ಲಿ ಅಂಟಿಸಿ ಗೂಡು ಮಾಡೋ ಕರೀ ಹಕ್ಕಿ ನೋಡಿರ್ತೀಯ, ಸಂಜೆ ಕೀರ್ ಅಂತ ಗುಂಪಲ್ಲಿ ಸುತ್ತತ್ತೆ, ಅದೇ ವಂಶದ್ದು.

ಮತ್ತೆ ಬಳ್ಳಿ ಎದುರಿಗೆ ದೊಡ್ಡ ಗ್ಲಾಸ್ ಇಡ್ಬೇಡ. ಗ್ಲಾಸಲ್ಲಿ ಹಸಿರು ಕಂಡು ಹಕ್ಕಿ ಅದರೊಳಗೇ ಹಾರಕ್ಕೆ ಹೋಗಿ ಕುತ್ತಿಗೆ ಮುರ್ಕೊಂಡು ಬೀಳತ್ತೆ. ಇಡ್ಲೇಬೇಕು ಅಂದ್ರೆ ಹೊರಮೈಗೆ 5 ಸೆಂಟಿಮೀಟರಿಗೊಂದು ಚುಕ್ಕೆ ಇರೋ ಗ್ಲಾಸ್ ತೋರ್ಸು.

ಪ್ರಶ್ನೆ: ಮೇಡಮ್ಮೋರೆ, ನಮ್ಮ ಮಗ್ಳು ಟೊರಾಂಟೋದಲ್ಲವ್ಳೆ. ಸ್ವಂತ ಮನೆ. ನೀವು ಬರ್ದಿದ್ದ ಐವಿ ಓದ್ಬುಟ್ಟು ಅದ್ನೇ ಹಾಕ್ತೀನಿ ಅಂತವ್ಳೆ. ಹಾಕ್ಬೋದಾ? ನಾವು ಕಬ್ಬು ಭತ್ತ ಬೆಳ್ಯೋರು, ನಮ್ಗೇನು ತಿಳ್ದಾತು ಹಿಮದ ಬೇಸಾಯ.
(ಮಂಡ್ಯದ ಹತ್ತಿರದ ಹಳ್ಳಿಯಿಂದ)

ಉತ್ತರ: ಅಣ್ಣಾ, ಬೇಡ ಅಂತ ಈಗ್ಲೇ ಫೋನ್ ಮಾಡಿ. ಐವಿ ಯುರೋಪಿನ ಸ್ವಂತ ಬಳ್ಳಿ, ಅಲ್ಲಿನ ಹುಳ ಹಕ್ಕಿ ಅದರ ಜೊತೇಲೇ ಬೆಳೆದಿವೆ. ಅಮೆರಿಕ ಖಂಡಕ್ಕೆ ಅದು ಪರದೇಶಿ, ಬೇಲಿ ಹಾರಿ ಕಾಡಿಗೆ ಹೋಗಿ ನೆಲವೆಲ್ಲ ಮುಚ್ಚಿಬಿಟ್ಟಿದೆ, ಆರಿಗನ್ ರಾಜ್ಯದಲ್ಲಿ ಮಾರೋದನ್ನೇ ನಿಲ್ಲಿಸಿದಾರೆ. ನಮ್ಮಲ್ಲಿ ಲಂಟಾನ ಹೂವಿನ ಚೆಂದಕ್ಕೆ ಅಂತ ಬಂದು ಬಂಡೀಪುರದಲ್ಲಿ ಏನಾಯ್ತು ನೋಡಿದೀರಲ್ಲ, ಅದೇ ಕಥೆ.

ಅಲ್ಲಿಗೆ ವರ್ಜೀನಿಯಾ ಕ್ರೀಪರ್ ಅಂತ ಅವರದ್ದೇ ಬಳ್ಳಿ ಇದೆ, ಒಂದು ತೊಟ್ಟಿಗೆ ಐದೆಲೆ, ತುದೀಲಿ ಪುಟ್ಟ ಅಂಟುಪಾದ ಇಟ್ಕೊಂಡು ಗೋಡೆ ಹಿಡಿಯತ್ತೆ, ಮೈನಸ್ 30ಕ್ಕೂ ಜಗ್ಗಲ್ಲ. ಸೆಪ್ಟೆಂಬರ್ ಅಕ್ಟೋಬರಲ್ಲಿ ಗೋಡೆ ಪೂರ್ತಿ ಕುಂಕುಮ ಚೆಲ್ಲಿದ ಹಾಗೆ ಕೆಂಪಾಗತ್ತೆ. ಕಡುನೀಲಿ ಹಣ್ಣು ಎಲೆ ಉದುರಿದ ಮೇಲೂ ಉಳ್ದಿರತ್ತೆ, ರಾಬಿನ್ನು, ಮರಕುಟಿಗ, ಚಿಕಡೀ ಅನ್ನೋ ಪುಟ್ಟ ಹಕ್ಕಿ ಎಲ್ಲಾ ತಿಂತವೆ. ಕೆಲವು ದೊಡ್ಡ ಪತಂಗಗಳ ಹುಳು ಈ ಎಲೇನೇ ತಿನ್ನೋದು, ಎಲೆ ತೂತಾಯ್ತು ಅಂತ ಔಷಧಿ ಹೊಡೀದೇ ಇರ್ಲಿ. ಹಣ್ಣು ಮೊಮ್ಮಕ್ಕಳ ಬಾಯಿಗೆ ಹೋಗ್ಬಾರ್ದು, ಅದೊಂದು ಎಚ್ಚರ. ಇದನ್ನೇ ಯುರೋಪಿಗೆ ಒಯ್ದ್ರೆ ಅಲ್ಲಿ ಇದೂ ಕಾಡಿಗೆ ಹರಡತ್ತೆ, ಹಾಗಾಗಿ ಆಯಾ ನೆಲದ ಬಳ್ಳಿ ಆಯಾ ನೆಲಕ್ಕೆ.

ಬೇಸಾಯದ ವಿಷಯ ನಿಮಗೆ ಗೊತ್ತಿಲ್ಲ ಅಂದ್ರಲ್ಲ, ನಿಮಗೇ ಗೊತ್ತಿರೋದು. ಗೋಡೆ ಬುಡದಿಂದ ಒಂದೂವರೆ ಅಡಿ ದೂರ ಗುಂಡಿ ತೆಗೀಬೇಕು, ಸೂರಿನ ಕೆಳಗೆ ಮಳೆ ಬೀಳಲ್ಲ. ಸಸಿ ಹಿಮ ಕರಗಿದ್ಮೇಲೆ ನೆಡ್ಬೇಕು. ಒಂದೆರಡು ವರ್ಷ ನೀರು ಹಾಕ್ಬೇಕು. ಒಣಗಿದ ಕಡ್ಡಿ ಎಲೆ ಅಕ್ಟೋಬರಲ್ಲೇ ಗುಡಿಸಿ ಎತ್ತಬಾರ್ದು, ಮುದುರಿದ ಎಲೆ ಪೊಳ್ಳು ಕಡ್ಡಿ ಒಳಗೆಲ್ಲ ಹುಳ ಹುಪ್ಪಟೆ ಮಲಗಿರ್ತವೆ. ಏಪ್ರಿಲ್ ಕಳೆದು ಬೆಚ್ಚಗಾದ ಮೇಲೆ ತೆಗೆದ್ರಾಯ್ತು.

ಪ್ರಶ್ನೆ: ಇದೆಲ್ಲಾ ಅವರ ಊರಿನ ಮಾತಾಯ್ತು. ಡಿಸೆಂಬರಲ್ಲೂ 15 ಡಿಗ್ರಿ ಇರೋ ಮೈಸೂರಿನೋರಿಗೆ ಇದರಿಂದ ಏನು?
(ಕುವೆಂಪುನಗರ)

ಉತ್ತರ: ಗಿಡದ ಪಟ್ಟಿ ತರ್ಬೇಡಿ, ಅವರು ಕೇಳೋ ಪ್ರಶ್ನೆ ತಗೊಳಿ. ಅವರಿಗೆ ಕಷ್ಟದ ತಿಂಗಳು ಜನವರಿ ಫೆಬ್ರವರಿ, ನಮಗೆ ಮಾರ್ಚಿಂದ ಮೊದಲ ಮಳೆ ತನಕ. ಆವಾಗ ನಿಮ್ಮ ಕಾಂಪೌಂಡ್ ಗೋಡೇಲಿ ನೆರಳು, ಹೂವು, ಒಂದು ಬಟ್ಟಲು ನೀರು ಇದ್ಯಾ ನೋಡಿ. ಈಗ ಎಲ್ಲಾ ಕಡೆ ಕಬ್ಬಿಣದ ಫ್ರೇಮಿಗೆ ಪ್ಲಾಸ್ಟಿಕ್ ಕುಂಡ ಸಿಕ್ಕಿಸಿ ಹಸಿರು ಗೋಡೆ ಅಂತಾರೆ, ಏಪ್ರಿಲಲ್ಲಿ ಎರಡು ದಿನ ನೀರು ತಪ್ಪಿದ್ರೆ ಅಷ್ಟೂ ಸುಟ್ಟು ಹೋಗತ್ತೆ, ಮತ್ತೆ ಹೊಸ ಗಿಡ ಹೊಸ ಬಿಲ್ಲು. ನೆಲದಲ್ಲಿ ಬೇರಿರೋ ಬಳ್ಳೀನೇ ಹಾಕಿ. ನಮ್ಮೂರ ಹೆಸರೇ ಇರೋ ಥನ್‌ಬರ್ಜಿಯಾ ಮೈಸೋರೆನ್ಸಿಸ್ ಇದೆ, ಪಶ್ಚಿಮಘಟ್ಟದ್ದು, ಹಳದಿ ಕೆಂಗಂದು ಹೂವಿನ ಸರ ಉದ್ದಕ್ಕೆ ಇಳಿಬಿಡತ್ತೆ, ಸೂರಕ್ಕಿಗಳು ತಲೆಕೆಳಗಾಗಿ ನೇತಾಡ್ಕೊಂಡು ಕುಡೀತಾವೆ. ಈಶ್ವರಿ ಬಳ್ಳಿ ಹಾಕಿದ್ರೆ ಮೈ ಕೆಂಪಿರೋ ರೋಸ್ ಚಿಟ್ಟೆಗಳು ಬಂದು ಮೊಟ್ಟೆ ಇಡ್ತಾವೆ. ಅಮೃತಬಳ್ಳಿ ಅಂತೂ ನೀರು ಹಾಕ್ದಿದ್ರೂ ಬದುಕತ್ತೆ, ಎಲೆ ಉದುರಿ ಬೋಳಾಗಿರೋವಾಗ್ಲೂ ಕೆಂಪು ಹಣ್ಣು ಬಿಟ್ಟು ಪಿಕಳಾರಗಳನ್ನ ಕರ್ಕೊಂಡು ಬರತ್ತೆ.

ಪ್ರಶ್ನೆ: ಆಂಟಿ, ನಾನು ಏಳನೇ ಕ್ಲಾಸು. ಹಿಮ ಬೀಳೋ ರಾತ್ರಿ ಪುಟ್ಟ ಹಕ್ಕಿಗಳು ಹೇಗೆ ಮಲಗ್ತಾವೆ? ಅವಕ್ಕೆ ಕಂಬಳಿ ಇರಲ್ವಲ್ಲ.
(ಶ್ರೀರಂಗಪಟ್ಟಣ)

ಉತ್ತರ: ಪುಟ್ಟಿ, ಕಂಬಳಿ ಇದೆ, ಮೈ ಮೇಲೇ ಇದೆ. ಗರಿಗಳನ್ನ ಉಬ್ಬಿಸಿ ಮಧ್ಯೆ ಗಾಳಿ ತುಂಬ್ಸಿಕೊಂಡು ಚೆಂಡಿನ ಹಾಗೆ ಆಗ್ತಾವೆ, ಕೊಕ್ಕನ್ನ ಬೆನ್ನಿನ ಗರಿ ಒಳಗೆ ಸೇರಿಸ್ಕೊಳ್ತಾವೆ. ಅದೂ ಸಾಲದಿದ್ರೆ ಒಂದಕ್ಕೊಂದು ಒತ್ತಿಕೊಂಡು ಮಲಗ್ತಾವೆ. ರೆನ್ ಅಂತ ಒಂದು ಹಕ್ಕಿ ಇದೆ, ಕಂದುಬಣ್ಣ, ಬಾಲ ಮೇಲಕ್ಕೆತ್ಕೊಂಡು ಓಡಾಡತ್ತೆ, ತೂಕ ಬರೀ ಹತ್ತು ಗ್ರಾಮಿನ ಆಸುಪಾಸು, ಅಂದ್ರೆ ನಿನ್ನ ಜೇಬಲ್ಲಿರೋ ಎರಡು ನಾಣ್ಯ ಅಂದ್ಕೋ. ಹಗಲೆಲ್ಲ ಇದು ನನ್ನ ಜಾಗ ಅಂತ ಒಂದನ್ನೊಂದು ಓಡಿಸ್ತಾ ಜಗಳ ಆಡತ್ತೆ. ತುಂಬಾ ಚಳಿ ಬಿದ್ದ ರಾತ್ರಿ ಮಾತ್ರ ಜಗಳ ಮರೆತು ಐವಿ ಸಂದಿಯಲ್ಲೋ ಪೆಟ್ಟಿಗೆಯಲ್ಲೋ ಒಟ್ಟಿಗೆ ಸೇರ್ಕೊಳತ್ತೆ. 1969ರಲ್ಲಿ ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ಒಂದೇ ಒಂದು ಹಕ್ಕಿಗೂಡಿನ ಪೆಟ್ಟಿಗೆ ಒಳಗೆ 61 ರೆನ್ ಮಲಗಿದ್ದನ್ನ ಎಣಿಸಿದಾರೆ.

ನೀನೂ ಒಂದು ಎಣಿಕೆ ಮಾಡು. ಸಂಜೆ ಆರರಿಂದ ಆರೂವರೆ, ನಿಮ್ಮ ಬೀದೀಲಿ ಯಾವ ಮರಕ್ಕೆ ಗೊರವಂಕಗಳು ಬಂದು ಸೇರ್ತಾವೆ, ಎಷ್ಟು ಬರ್ತಾವೆ, ಕೊನೇದು ಎಷ್ಟು ಹೊತ್ತಿಗೆ ಬಂತು. ಒಂದು ವಾರ ಬರೆದಿಟ್ಟು ಕಳಿಸು, ಮುಂದಿನ ಸಂಚಿಕೆಯಲ್ಲಿ ನಿನ್ನ ಲೆಕ್ಕ ಹಾಕ್ತೀನಿ.